ದೋಣಿ ಹೋದ ಮೇಲೆ ಅನೌನ್ಸ್‌ಮೆಂಟ್

ಫುಟ್‌ಬಾಲ್ ತಂಡವೊಂದು ದೋಣಿ ತಪ್ಪಿಸಿಕೊಂಡ ಬೆಳಿಗ್ಗೆ ಸ್ಕ್ರಿಪ್ಟಮ್ಮನ ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು. ತಂಡದ ಕೋಚು ಜಾಗ ಹಿಡಿಯಲೆಂದು ಚೆಂಡುಗಳ ಚೀಲ ಹೆಗಲಿಗೇರಿಸಿಕೊಂಡು ಮೊದಲೇ ಹೋಗಿ ದೋಣಿಯಲ್ಲಿ ಕೂತಿದ್ದರು. ಆಟಗಾರರು ಮಾತ್ರ, ಅನೌನ್ಸ್‌ಮೆಂಟ್ ಆಗಲಿ ಆಮೇಲೆ ಎದ್ದರಾಯಿತು ಎಂದು ಕಾಯುವ ಕೋಣೆಯ ಬೆಂಚುಗಳ ಮೇಲೆ ಕಾಲು ಚಾಚಿದ್ದರು. ಕೊನೆಗೂ ಧ್ವನಿವರ್ಧಕ ಬಾಯಿ ಬಿಟ್ಟು, "ದ್ವೀಪಕ್ಕೆ ಹೋಗುವ ದೋಣಿ ಎರಡನೇ ಗೇಟಿನಲ್ಲಿ ಸಿದ್ಧವಾಗಿದೆ, ಪ್ರಯಾಣಿಕರು ದಯವಿಟ್ಟು ಹತ್ತಬೇಕು" ಎಂದಿತು. ಹನ್ನೊಂದು ಜನ ಒಟ್ಟಿಗೆ ಎದ್ದು ಓಡಿದರು. ಎರಡನೇ ಗೇಟಿನಲ್ಲಿ ನೀರಿತ್ತು, ನೀರಿನ ಮೇಲೆ ಒಂದಿಷ್ಟು ನೊರೆಯಿತ್ತು. ದೋಣಿ ಆಗಲೇ ದೂರದಲ್ಲಿ ಬೆರಳಿನಷ್ಟಾಗಿತ್ತು. ಅದರ ಹಿಂಭಾಗದಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದವರು ಕೋಚು.

ಸ್ಕ್ರಿಪ್ಟಮ್ಮ ಎಂಬುದು ಜೆಟ್ಟಿಯವರು ಇಟ್ಟ ಹೆಸರು. ದೋಣಿಗಳು ಬಂದು ನಿಲ್ಲುವ ಆ ಜೆಟ್ಟಿಯ ಕಚೇರಿಯಲ್ಲಿ, ಮಹಡಿಯ ಮೇಲಿನ ಕಿರಿದಾದ ಕೋಣೆಯಲ್ಲಿ ಕೂತು, ಕಂಪ್ಯೂಟರಿಗೆ ಇದಾದ ಮೇಲೆ ಇದು, ಅದಾದ ಮೇಲೆ ಅದು ಎಂದು ಕೆಲಸ ಹೇಳಿಕೊಡುವ ಶೆಲ್ ಸ್ಕ್ರಿಪ್ಟುಗಳನ್ನು ಬರೆಯುವುದು ಅವಳ ಕೆಲಸ. ಕೆಳಗೆ ಗೇಟಿನ ಪಕ್ಕದಲ್ಲಿ ಒಂದು ಹಸಿರು ಬಟನ್ ಇತ್ತು. ಹಿಂದೆ ಹಗ್ಗ ಎಳೆದು ಕೈಯಾರೆ ಗಂಟೆ ಬಾರಿಸುತ್ತಿದ್ದ, ಈಗ ಅದೇ ಗತ್ತಿನಲ್ಲಿ ಬಟನ್ ಒತ್ತುತ್ತಿದ್ದ ಗಂಟೆಯಣ್ಣ ಆ ಬಟನ್ನಿನ ಯಜಮಾನ. ಅವನು ಒತ್ತಿದರೆ ಹೊರಗೆ ಗಂಟೆ ಮೊಳಗಬೇಕು, ಕಾಯುವ ಕೋಣೆಯೊಳಗೆ ಮೆಲ್ಲಗೆ ಪಿಟೀಲು ಶುರುವಾಗಬೇಕು, ಅದರ ಬೆನ್ನಿಗೇ ಯಾವ ದೋಣಿ, ಯಾವ ಗೇಟು ಎಂಬ ಅನೌನ್ಸ್‌ಮೆಂಟ್ ಬರಬೇಕು.

ಗಂಟೆಯೇನೋ ಒತ್ತಿದ ಕ್ಷಣವೇ ಮೊಳಗುತ್ತಿತ್ತು. ಅನೌನ್ಸ್‌ಮೆಂಟ್ ಮಾತ್ರ ಅದಕ್ಕೆ ಮನಸ್ಸು ಬಂದಾಗ ಬರುತ್ತಿತ್ತು. ಒಮ್ಮೆ ಗಂಟೆ ನಿಂತು ಸ್ವಲ್ಪ ಹೊತ್ತಿಗೇ ಬಂದರೆ, ಇನ್ನೊಮ್ಮೆ ಲೋಟದ ಕಾಫಿ ತಣ್ಣಗಾಗುವ ಹೊತ್ತಿಗೆ. ಮತ್ತೊಮ್ಮೆ ದೋಣಿ ಹೊರಟು, ಗಂಟೆಯಣ್ಣ ಹಗ್ಗ ಸುತ್ತಿಟ್ಟು, ಟೋಪಿ ತೆಗೆದು ತಲೆ ಕೆರೆದುಕೊಂಡ ಮೇಲೆ.

"ಸ್ಕ್ರಿಪ್ಟಮ್ಮಾ, ನಿಮ್ಮ ಯಂತ್ರಕ್ಕೆ ಹೊಟ್ಟೆ ನೋವಾ?" ಎಂದು ಅವನು ಕೆಳಗಿನಿಂದಲೇ ಕೂಗಿ ಕೇಳುತ್ತಿದ್ದ. "ನಾನು ಒತ್ತೋದು ಒತ್ತಿದೀನಿ. ಆಮೇಲೆ ನನ್ನನ್ನ ಬೈಬೇಡಿ."

ಅವನನ್ನು ಯಾರೂ ಬೈಯಲಿಲ್ಲ. ಬೈಗುಳವೆಲ್ಲ ಮೆಟ್ಟಿಲು ಹತ್ತಿ ನೇರವಾಗಿ ಅವಳ ಕೋಣೆಗೇ ಬರುತ್ತಿತ್ತು. ಫುಟ್‌ಬಾಲ್ ತಂಡದ ದಿನ ಬಂದವರು ಸ್ವತಃ ಮೇಲಧಿಕಾರಿಗಳು. ಅವರಿಗೆ 'ಇವತ್ತೇ ಸಾಹೇಬರು' ಎಂದು ಹೆಸರು. ಗೋಡೆಗೆ ಬಣ್ಣ ಬಳಿಸುವುದಿರಲಿ, ಬೆಂಚಿಗೆ ಮೊಳೆ ಹೊಡೆಸುವುದಿರಲಿ, ಅವರ ಬಾಯಲ್ಲಿ ಬರುತ್ತಿದ್ದದ್ದು ಅದೊಂದೇ ಮಾತು.

"ಏನಮ್ಮ ಇದು? ಹನ್ನೊಂದು ಜನ ದಡದಲ್ಲಿ, ಕೋಚು ಮತ್ತು ಚೆಂಡು ನೀರಲ್ಲಿ! ಅವರೇನು ಮೈದಾನದಲ್ಲಿ ಒಬ್ಬರೇ ಆಡ್ಬೇಕಾ?"

"ನೋಡ್ತಾ ಇದೀನಿ ಸಾರ್."

"ನೀವು ನೋಡ್ತಾನೇ ಇದೀರಿ, ದೋಣಿ ಹೋಗ್ತಾನೇ ಇದೆ. ಈ ರಗಳೆ ಯಾವಾಗಿಂದ ಶುರುವಾಯ್ತು ಹೇಳಲಾ? ಪಿಟೀಲು ಬಂದಾಗಿಂದ. ತೆಗೆದುಹಾಕಿ ಅದನ್ನ. ಇವತ್ತೇ."

ಸ್ಕ್ರಿಪ್ಟಮ್ಮ ಕುರ್ಚಿಯಿಂದ ಎದ್ದಳು. "ಸಾರ್, ಪಿಟೀಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಅದು ಹಿನ್ನೆಲೆಯಲ್ಲಿ ಓಡತ್ತೆ."

"ಹಿನ್ನೆಲೆ ಸಂಗೀತ ಅಂದ್ರೇನು ಅಂತ ನನಗೂ ಗೊತ್ತಮ್ಮ."

"ಹಾಗಲ್ಲ ಸಾರ್. ಆಜ್ಞೆಯ ಕೊನೆಗೆ ಒಂದು ಚಿಹ್ನೆ ಹಾಕ್ತೀವಿ. ಹಾಕಿದ್ರೆ 'ನೀನು ಹಿಂದೆ ನಿನ್ನ ಪಾಡಿಗೆ ಇರು, ನಾನು ಮುಂದಿನ ಕೆಲಸ ನೋಡ್ತೀನಿ' ಅಂತ ಅರ್ಥ. ಆ ಚಿಹ್ನೆ ನಾನೇ ನನ್ನ ಕೈಯಾರೆ ಹಾಕಿದೀನಿ. ಪಿಟೀಲು ಯಾರನ್ನೂ ಕಾಯಿಸಲ್ಲ."

ಸಾಹೇಬರು ಅವಳ ಮುಖ ನೋಡಿದರು, ಗಡಿಯಾರ ನೋಡಿದರು, ಜನ್ಮದಲ್ಲಿ ಆಡದ ಮಾತೊಂದನ್ನು ಕಷ್ಟಪಟ್ಟು ಆಡಿದರು. "ನಾಳೆ. ನಾಳೆ ಸಂಜೆಯ ತನಕ ನೋಡ್ತೀನಿ."

ಪಿಟೀಲಿನ ಮೇಲೆ ಅವಳಿಗೆ ಇಷ್ಟು ಪಕ್ಷಪಾತವಿರಲು ಕಾರಣವಿತ್ತು. ಅದನ್ನು ನುಡಿಸಿದವರು ಅವಳ ಅತ್ತೆ.

ಅತ್ತೆ ಶಾಲೆಯೊಂದರಲ್ಲಿ ಬಹಳ ವರ್ಷ ಸಂಗೀತ ಕಲಿಸಿ ನಿವೃತ್ತರಾದವರು. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಪೆಟ್ಟಿಗೆ ತೆರೆದು ಪಿಟೀಲು ಎತ್ತಿಕೊಳ್ಳುವರು. ಬಿಲ್ಲು ತಂತಿಯ ಮೇಲೆ ನಾಲ್ಕು ಸಲ ಓಡಾಡುವುದರೊಳಗೆ ಯಾರಿಗಾದರೂ ಏನಾದರೂ ಬೇಕಾಗುತ್ತಿತ್ತು. ಮಾವನಿಗೆ ಕನ್ನಡಕ ಸಿಗುತ್ತಿರಲಿಲ್ಲ, ಅದು ಅವರ ಹಣೆಯ ಮೇಲೆಯೇ ಇರುತ್ತಿತ್ತು. ಮಗ, ಅಂದರೆ ಸ್ಕ್ರಿಪ್ಟಮ್ಮನ ಗಂಡ, ಫೋನಿನಲ್ಲಿ ಮಾತಾಡುತ್ತ ಬಂದು "ಅಮ್ಮ, ಒಂದ್ನಿಮಿಷ" ಎಂದು ಕೈ ಸನ್ನೆ ಮಾಡುತ್ತಿದ್ದ. ಪಕ್ಕದ ಮನೆಯವರು ಬಾಗಿಲು ಬಡಿಯುತ್ತಿದ್ದರು. ಅತ್ತೆ ಬಿಲ್ಲು ಕೆಳಗಿಟ್ಟು ಏಳುತ್ತಿದ್ದರು. ಬೈಯುತ್ತಿರಲಿಲ್ಲ, ಆದರೆ ಪೆಟ್ಟಿಗೆಯ ಮುಚ್ಚಳ ಬೀಳುವ ಸದ್ದಿನಲ್ಲಿ ಎಲ್ಲ ತಿಳಿಯುತ್ತಿತ್ತು.

ಕಾಯುವ ಕೋಣೆ ಸತ್ತ ಮನೆಯ ಹಾಗಿದೆ, ಏನಾದರೂ ಮಾಡಿ, ಇವತ್ತೇ ಎಂದು ಸಾಹೇಬರು ಹಿಂದೊಮ್ಮೆ ಹೇಳಿದಾಗ ಸ್ಕ್ರಿಪ್ಟಮ್ಮನಿಗೆ ಥಟ್ಟನೆ ಹೊಳೆದದ್ದು ಅತ್ತೆಯ ಪಿಟೀಲು. ಸದ್ದು ಗೋಡೆಗೆ ಬಡಿದು ಮರಳಬಾರದೆಂದು ಮಲಗುವ ಕೋಣೆಯ ಬಟ್ಟೆ ತುಂಬಿದ ಬೀರುಗಳ ಬಾಗಿಲನ್ನೆಲ್ಲ ತೆರೆದಿಟ್ಟು, ಮಾವನನ್ನೂ ಮಗನನ್ನೂ ಹೊರಗೆ ಓಡಿಸಿ, ಅತ್ತೆ ಸೊಸೆ ಇಬ್ಬರೇ ಕೂತು ರೆಕಾರ್ಡ್ ಮಾಡಿದರು. ಸಣ್ಣದು, ನಡುವಿನದು, ದೊಡ್ಡದು ಎಂದು ಹಲವು ತುಣುಕುಗಳಾದವು. ಬಟನ್ ಒತ್ತಿದಾಗೊಮ್ಮೆ ಕಂಪ್ಯೂಟರು ಅದರಲ್ಲಿ ಯಾವುದಾದರೊಂದನ್ನು ಆರಿಸಿ ನುಡಿಸುವಂತೆ ಸೊಸೆ ಸ್ಕ್ರಿಪ್ಟು ಬರೆದಳು. ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಈಗ ಹೋಗಿ ಆ ಪಿಟೀಲನ್ನು ನಿಲ್ಲಿಸುವುದೆಂದರೆ, ಕೈಗೆ ಕೊಟ್ಟದ್ದನ್ನು ಬಾಯಿಗೆ ಹೋಗುವ ಮೊದಲು ಕಿತ್ತುಕೊಂಡ ಹಾಗೆ.

ಆದ್ದರಿಂದ ಆ ದಿನವಿಡೀ ಅವಳು ಪಿಟೀಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅನುಮಾನಿಸಿದಳು. ವೈರಿಂಗ್ ನೋಡಿಕೊಳ್ಳುವವನನ್ನು ಕರೆಸಿದಳು. ಅವನು ಎಂದಿನಂತೆ ತಂತಿಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿ, "ಈಗ ನೋಡಿ" ಎಂದು ಕೈ ಒರೆಸಿಕೊಂಡು ಹೋದ. ಈಗ ನೋಡಿದರೂ ಹಾಗೆಯೇ ಇತ್ತು. ಸ್ಪೀಕರಿನ ಪೆಟ್ಟಿಗೆ ಬಿಚ್ಚಿಸಿದರೆ ಅದರೊಳಗೆ ಜೇಡರ ಸಂಸಾರವೊಂದು ನೆಮ್ಮದಿಯಾಗಿತ್ತು, ಅಷ್ಟೇ.

ಆಮೇಲೆ ಸ್ಕ್ರಿಪ್ಟುಗಳನ್ನೇ ಹಿಡಿದಳು. ಕೆಲಸ ಮಾಡುತ್ತಿದ್ದದ್ದು ಎರಡು. ದಿನವಿಡೀ ಎಚ್ಚರವಾಗಿದ್ದು ಎಲ್ಲವನ್ನೂ ನಡೆಸುವ ದೊಡ್ಡ ಸ್ಕ್ರಿಪ್ಟು ಒಂದು. ಬಟನ್ ಒತ್ತಿದಾಗ ಅದು ಕರೆಯುವ ಸಣ್ಣ ಸ್ಕ್ರಿಪ್ಟು ಇನ್ನೊಂದು. ಸಣ್ಣದು ಗಂಟೆ ಬಾರಿಸಿ, ಪಿಟೀಲನ್ನು ಹಿನ್ನೆಲೆಗೆ ಕಳಿಸಿ, "ದ್ವೀಪ, ಎರಡನೇ ಗೇಟು" ಎಂದು ಉತ್ತರ ಹೇಳಿ ಮುಗಿಸಬೇಕು. ದೊಡ್ಡದು ಆ ಉತ್ತರ ಕೇಳಿಸಿಕೊಂಡು ಅನೌನ್ಸ್‌ಮೆಂಟ್ ಹಾಕಬೇಕು. ಸಣ್ಣದನ್ನು ಅವಳು ತನ್ನ ಪರದೆಯ ಮೇಲೆ ನೇರವಾಗಿ ಓಡಿಸಿ ನೋಡಿದಳು. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ದೊಡ್ಡದನ್ನೂ ಸೇರಿಸಿ ತನ್ನ ಕೋಣೆಯ ಯಂತ್ರದಲ್ಲಿ ಓಡಿಸಿದಳು. ಅದೂ ಮಿಂಚಿನ ಹಾಗೆ ಓಡಿತು. ಜೆಟ್ಟಿಯ ಯಂತ್ರದಲ್ಲೇ ನೋಡೋಣವೆಂದು, ಕೂತ ಜನಕ್ಕೆ ಮತ್ತೆ ಮತ್ತೆ ಪಿಟೀಲು ಕೇಳಿಸಿ ಕಿರಿಕಿರಿಯಾಗದಿರಲೆಂದು ಸ್ಕ್ರಿಪ್ಟಿನಲ್ಲಿ ಪಿಟೀಲಿನ ಆ ಒಂದು ಸಾಲನ್ನು ಮಾತ್ರ ಮುಚ್ಚಿಟ್ಟು ಓಡಿಸಿದಳು. ಅಲ್ಲಿಯೂ ಏನೂ ತಡವಿಲ್ಲ. ವೈದ್ಯರ ಬಾಗಿಲು ಕಂಡ ಕೂಡಲೇ ಮಾಯವಾಗುವ ಹಲ್ಲುನೋವಿನ ಹಾಗೆ ಆ ರೋಗ ಅವಳನ್ನು ಕಂಡರೆ ಅಡಗಿಕೊಳ್ಳುತ್ತಿತ್ತು. ಅವಳು ಬೆನ್ನು ತಿರುಗಿಸಿ ಗಂಟೆಯಣ್ಣ ಬಟನ್ ಒತ್ತಿದನೋ, ಮತ್ತೆ ಶುರು.

ಕೊನೆಗೆ ಎರಡೂ ಸ್ಕ್ರಿಪ್ಟುಗಳಿಗೆ, ಯಾವ ಹೊತ್ತಿಗೆ ಏನು ಮಾಡಿದಿರಿ ಎಂದು ಬರೆದಿಡುವಂತೆ ಹೇಳಿದಳು. ಬಂದ ಉತ್ತರ ಇನ್ನೂ ತಲೆ ಕೆಡಿಸಿತು. ಸಣ್ಣದು, ನಾನು ಹೇಳಬೇಕಾದದ್ದನ್ನು ಹೇಳಿ ಆ ಕ್ಷಣವೇ ಮುಗಿಸಿದ್ದೇನೆ ಎಂದಿತು. ದೊಡ್ಡದು, ನನಗೆ ಉತ್ತರ ಪೂರ್ತಿ ಸಿಕ್ಕಿದ್ದು ತುಂಬ ಹೊತ್ತಿನ ಮೇಲೆ ಎಂದಿತು. ಹೇಳಿದವನು ಹೇಳಿ ಮನೆಗೆ ಹೋಗಿ ಊಟ ಮಾಡಿ ಮಲಗಿದ್ದಾನೆ, ಕೇಳುವವನು ಇನ್ನೂ ಕಿವಿಗೊಟ್ಟು ಕೂತಿದ್ದಾನೆ! ಇಬ್ಬರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ಹಾಗಾದರೆ ಅವನು ಕಾಯುತ್ತಿರುವುದು ಯಾರನ್ನು?

ಸಂಜೆ ಮನೆಗೆ ಹೋದಾಗ ಅವಳ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಬಿಡಿಸುತ್ತಿದ್ದರು. ಸೊಸೆಯೂ ಎದುರಿಗೆ ಕೂತು ಒಂದು ಹಿಡಿ ಎಳೆದುಕೊಂಡಳು.

"ಯಾಕೆ, ಇವತ್ತು ಸಾಹೇಬರು ಕೂಗಾಡಿದ್ರಾ?"

"ಹೂಂ. ಅನೌನ್ಸ್‌ಮೆಂಟ್ ತಡವಾಗ್ತಿದೆ ಅತ್ತೆ. ಕಾರಣ ಸಿಕ್ತಿಲ್ಲ." ಪಿಟೀಲಿನ ಮಾತನ್ನು ಅವಳು ಎತ್ತಲಿಲ್ಲ.

"ಅನೌನ್ಸ್‌ಮೆಂಟ್ ಅಂದ್ಯಾ, ನೆನಪಾಯ್ತು ನೋಡು." ಅತ್ತೆ ಸ್ವಲ್ಪ ನಾಚಿಕೊಂಡರು. "ನಿನಗೆ ಹೇಳಿರಲಿಲ್ಲ. ಹೋದ ವಾರ ನಾನು ಸುಮ್ನೆ ಅಲ್ಲಿ ಹೋಗಿ ಕೂತಿದ್ದೆ. ಒಂದೆರಡು ಸಲ. ಜನ ಕೇಳ್ತಾರೋ ಇಲ್ಲವೋ ನೋಡೋಣ ಅಂತ."

"ಅಯ್ಯೋ, ನನ್ನನ್ನ ಕರೀಬಾರದಿತ್ತಾ!"

"ನಿನ್ನ ಕೆಲಸಕ್ಕೆ ಯಾಕೆ ಅಡ್ಡ ಬರಲಿ. ಜನ ಕೇಳ್ತಾರೋ ಗೊತ್ತಿಲ್ಲಮ್ಮ, ಅರ್ಧ ಜನ ನಿದ್ದೆ ಮಾಡ್ತಿದ್ರು. ಆದ್ರೆ ಆ ಅನೌನ್ಸ್‌ಮೆಂಟ್ ಹೇಳೋ ಹುಡುಗಿ ಇದಾಳಲ್ಲ, ಅವಳಿಗೆ ಎಂಥ ಸಂಸ್ಕಾರ ಅಂತೀಯ! ನನ್ನ ತುಣುಕು ಮುಗಿದು, ಕೊನೇ ಸ್ವರ ಪೂರ್ತಿ ಆರೋವರೆಗೂ ಬಾಯಿ ತೆಗೆಯಲ್ಲ. ಈ ಮನೇಲಿ ಒಬ್ಬರಿಗಾದ್ರೂ ಆ ಬುದ್ಧಿ ಇದ್ಯಾ?"

"ಅದು ರೆಕಾರ್ಡಿಂಗ್ ಅತ್ತೆ."

"ರೆಕಾರ್ಡಿಂಗ್ ಆದ್ರೇನು, ಸಂಸ್ಕಾರ ಸಂಸ್ಕಾರವೇ."

ಸ್ಕ್ರಿಪ್ಟಮ್ಮನ ಬೆರಳುಗಳ ನಡುವೆ ಬಟಾಣಿ ಸಿಪ್ಪೆ ಹಾಗೆಯೇ ನಿಂತಿತು. "ಯಾವಾಗಲೂ ಹಾಗೇ ಮಾಡಿದ್ಲಾ?"

"ಯಾವಾಗಲೂ. ಸಣ್ಣ ತುಣುಕಾದ್ರೆ ಬೇಗ ಹೇಳ್ತಾಳೆ. ದೊಡ್ಡದು ಬಂದ್ರೆ ಪಾಪ, ಅಷ್ಟು ಹೊತ್ತೂ ಕಾಯ್ತಾಳೆ."

ಗಂಟೆಯಣ್ಣ ನಿಲ್ಲುವುದು ಹೊರಗೆ, ಅವನ ಕಿವಿಗೆ ಬೀಳುವುದು ಗಂಟೆ ಮತ್ತು ಗಾಳಿ. ಅವಳು ಕೂರುವುದು ಮಹಡಿಯ ಮೇಲೆ. ಕಾಯುವ ಕೋಣೆಯಲ್ಲಿ ಕೂರುವವರು ಬಂದು ಹೋಗುವ ಜನ, ಇಲ್ಲಿ ಹೀಗೆಯೇ ಎಂದುಕೊಂಡು ದೋಣಿ ಹತ್ತುವವರು. ಪಿಟೀಲನ್ನೂ ಅನೌನ್ಸ್‌ಮೆಂಟನ್ನೂ ಒಟ್ಟಿಗೆ, ಮನಸ್ಸಿಟ್ಟು ಕೇಳಿದವರು ಇಡೀ ಊರಿನಲ್ಲಿ ಇವರೊಬ್ಬರೇ.

ಒಂದು ಕಡೆ ಅವಳಿಗೆ ಎದ್ದು ಕುಣಿಯಬೇಕೆನಿಸಿತು, ಇನ್ನೊಂದು ಕಡೆ ಮೇಜಿನ ಕೆಳಗೆ ತೂರಿಕೊಳ್ಳಬೇಕೆನಿಸಿತು. ಸಾಹೇಬರ ಮುಂದೆ ಎಷ್ಟು ಜೋರಾಗಿ ಹೇಳಿದ್ದಳು, ಪಿಟೀಲು ಯಾರನ್ನೂ ಕಾಯಿಸುವುದಿಲ್ಲ ಎಂದು!

ಮಾರನೆಯ ಬೆಳಿಗ್ಗೆ ಅವಳು ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಾಗ ಅತ್ತೆಯೂ ಚಪ್ಪಲಿ ಮೆಟ್ಟಿ ಸಿದ್ಧರಾಗಿದ್ದರು. ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಇಬ್ಬರೂ ಹೋಗಿ ಕಾಯುವ ಕೋಣೆಯ ಮೂಲೆಯ ಬೆಂಚಿನಲ್ಲಿ ಕೂತರು. ಅತ್ತೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸಂಗೀತ ಕಛೇರಿಗೆ ಬಂದವರ ಹಾಗೆ ಬೆನ್ನು ನೆಟ್ಟಗೆ ಮಾಡಿದರು.

ಹೊರಗೆ ಗಂಟೆ ಮೊಳಗಿತು. ಪಿಟೀಲು ಶುರುವಾಯಿತು. ಬಂದದ್ದು ದೊಡ್ಡ ತುಣುಕು.

"ಇದು ಚೆನ್ನಾಗಿ ಬಂದಿದೆ," ಎಂದು ಅತ್ತೆ ಪಿಸುಗುಟ್ಟಿದರು. "ಮುಂದೆ ಕೇಳು, ಎರಡನೇ ಭಾಗದಲ್ಲಿ ಮೇಲಿನ ಸ್ವರಕ್ಕೆ ಹೋಗಿ ಒಂದು ಜಾರು ಬರತ್ತೆ."

ಸ್ಕ್ರಿಪ್ಟಮ್ಮ ಯಂತ್ರದಲ್ಲಿ ಈಗ ಏನೇನು ನಡೆಯುತ್ತಿದೆ ಎಂದು ನೋಡಿದಳು. ಸಣ್ಣ ಸ್ಕ್ರಿಪ್ಟು ಮುಗಿದು ಹೋಗಿತ್ತು. ದೊಡ್ಡದು ಕಾಯುತ್ತಿತ್ತು. ಅವೆರಡರ ನಡುವೆ ಉಳಿದಿದ್ದದ್ದು ಪಿಟೀಲು ನುಡಿಸುವ ಪ್ರೋಗ್ರಾಂ ಒಂದೇ. ಅದನ್ನು ಕೊಲ್ಲುವ ಆಜ್ಞೆ ಕೊಟ್ಟಳು.

ಪಿಟೀಲು ಜಾರಿನ ನಟ್ಟನಡುವೆ ಕಡಿದು ಬಿತ್ತು. ಅದೇ ಉಸಿರಿನಲ್ಲಿ, "ದ್ವೀಪಕ್ಕೆ ಹೋಗುವ ದೋಣಿ ಎರಡನೇ ಗೇಟಿನಲ್ಲಿ ಸಿದ್ಧವಾಗಿದೆ" ಎಂದು ಧ್ವನಿವರ್ಧಕ ಕೂಗಿತು.

"ಸಿಕ್ತು!" ಎಂದು ಸೊಸೆ ಬೆಂಚಿನಿಂದ ಎದ್ದೇಬಿಟ್ಟಳು.

"ಯಾರದು ನಿಲ್ಲಿಸಿದ್ದು?" ಅತ್ತೆ ಕೋಣೆಯ ಸುತ್ತ ಕಣ್ಣು ಹಾಯಿಸಿದರು.

"ನಾನೇ ಅತ್ತೆ."

ಅತ್ತೆ ಕನ್ನಡಕ ತೆಗೆದು ಒರೆಸತೊಡಗಿದರು. ಮನೆಯಲ್ಲಿ ಪೆಟ್ಟಿಗೆಯ ಮುಚ್ಚಳವಾದರೂ ಇತ್ತು, ಇಲ್ಲಿ ಅದೂ ಇರಲಿಲ್ಲ. ಸ್ಕ್ರಿಪ್ಟಮ್ಮ ಮತ್ತೆ ಕೂತು, ಹಿಂದಿನ ದಿನ ನುಂಗಿಕೊಂಡಿದ್ದನ್ನೆಲ್ಲ ಹೇಳಿದಳು. ಫುಟ್‌ಬಾಲ್ ತಂಡದ ಕಥೆ, ಸಾಹೇಬರ ಮಾತು, ಸಂಜೆಯ ಗಡುವು, ಎಲ್ಲ.

"ಹಾಗಾದ್ರೆ ನನ್ನ ಪಿಟೀಲಿಂದಲೇ ಆಗಿದ್ದು," ಎಂದರು ಅತ್ತೆ.

"ಇಲ್ಲ, ನಾನು ಮಾಡಿದ್ದು. ನೋಡಿ, ಸಣ್ಣ ಸ್ಕ್ರಿಪ್ಟು ದೊಡ್ಡದಕ್ಕೆ ಉತ್ತರ ಹೇಳೋದು ಒಂದು ಪೈಪಿನ ಮೂಲಕ. ಪೈಪಿನ ಆ ತುದಿ ಯಾರ ಕೈಯಲ್ಲಾದ್ರೂ ಇದ್ರೆ, ಇನ್ನೂ ಏನೋ ಹೇಳೋದಿದೆ ಅಂತ ದೊಡ್ಡದು ಕಾಯ್ತಾ ಇರತ್ತೆ. ಪಿಟೀಲನ್ನ ಹಿಂದಕ್ಕೆ ಕಳಿಸೋವಾಗ ಆ ತುದಿ ಅದರ ಕೈಗೂ ಹೋಗಿತ್ತು. ಪಿಟೀಲಿಗೆ ಹೇಳೋದೇನೂ ಇರಲಿಲ್ಲ, ಸುಮ್ನೆ ಹಿಡ್ಕೊಂಡಿತ್ತು. ಅದು ಮುಗಿದು ಕೈ ಬಿಟ್ಟ ಮೇಲೇ ದೊಡ್ಡದು, ಸರಿ ಇಷ್ಟೇ ಅಂತ ಮುಂದೆ ಹೋಗ್ತಿತ್ತು."

"ನೀನು ಆ ತುದಿ ಬಿಡಿಸಿ ಕಳಿಸ್ಬೇಕಿತ್ತು."

"ಬಿಡಿಸಿ ಕಳಿಸ್ಬೇಕಿತ್ತು. ಮರೆತೆ."

ಮರೆತದ್ದು ಅರ್ಧವೇ. ಯಂತ್ರದ ಪ್ರತಿ ಪ್ರೋಗ್ರಾಮಿಗೂ ಎರಡು ಬಾಯಿ, ಮಾತಿಗೊಂದು, ದೂರಿಗೊಂದು. ಪಿಟೀಲಿನ ದೂರುಗಳು ಯಾರಿಗೂ ಬೇಡವೆಂದು ಆ ಬಾಯನ್ನು ಅವಳು ಎಂದೋ ಕಸದ ಬುಟ್ಟಿಯ ಕಡೆ ತಿರುಗಿಸಿದ್ದಳು. ಮಾತೇ ಆಡದ ಪಿಟೀಲಿನ ಮಾತಿನ ಬಾಯಿಯಿಂದ ಏನು ತೊಂದರೆ ಎಂದು ಅದನ್ನು ಹಾಗೆಯೇ ಬಿಟ್ಟಿದ್ದಳು. ಅವಳ ಪರದೆಯ ಮೇಲೆ ಓಡಿಸಿದಾಗ ಉತ್ತರಕ್ಕೆ ಕಾಯುವವರೇ ಇರಲಿಲ್ಲ, ಆದ್ದರಿಂದ ತಡವಿಲ್ಲ. ಅವಳ ಕೋಣೆಯ ಯಂತ್ರಕ್ಕೆ ಸ್ಪೀಕರೇ ಇರಲಿಲ್ಲ, ಪಿಟೀಲು ಹುಟ್ಟಿದ ಕೂಡಲೇ ಸಾಯುತ್ತಿತ್ತು. ಜೆಟ್ಟಿಯ ಯಂತ್ರದಲ್ಲಿ ನೋಡಿದಾಗಲಂತೂ ಪಿಟೀಲನ್ನು ಅವಳೇ ಮುಚ್ಚಿಟ್ಟಿದ್ದಳು. ಕಳ್ಳನನ್ನು ಒಳಗೆ ಕೂರಿಸಿ ಬೀಗ ಹಾಕಿ ಊರೆಲ್ಲ ಹುಡುಕಿದ ಹಾಗಾಗಿತ್ತು.

ಅಲ್ಲೇ ಕೂತು ಸ್ಕ್ರಿಪ್ಟಿನಲ್ಲಿ ಪಿಟೀಲಿನ ಸಾಲಿಗೆ ಒಂದು ತುಂಡು ಸೇರಿಸಿದಳು. ಪಿಟೀಲಿನ ಮಾತಿನ ಬಾಯಿಯೂ ಬುಟ್ಟಿಗೇ ತಿರುಗಿತು. ಮುಂದಿನ ದೋಣಿಗೆ ಗಂಟೆ, ಪಿಟೀಲು, ಬೆನ್ನಿಗೇ ಅನೌನ್ಸ್‌ಮೆಂಟ್. ನಿದ್ದೆಯಲ್ಲಿದ್ದವರೂ ಕಣ್ಣುಜ್ಜಿಕೊಂಡು ಎದ್ದು ಸಮಯಕ್ಕೆ ಸರಿಯಾಗಿ ದೋಣಿ ಸೇರಿದರು. ಗಂಟೆಯಣ್ಣ ಬಾಗಿಲಲ್ಲಿ ಇಣುಕಿ, "ಹೊಟ್ಟೆ ನೋವು ವಾಸಿಯಾಯ್ತಾ?" ಎಂದು ಕೇಳಿ ಹೋದ.

ಸಂಜೆಯ ತನಕ ಕಾಯದೆ ಅವಳು ಸಾಹೇಬರ ಕೋಣೆಗೆ ಹೋದಳು. ಹೇಳುವುದು ಹೇಳಿಬಿಡೋಣ, ಹಲ್ಲು ಕೀಳಿಸಿಕೊಂಡ ಹಾಗೆ.

"ಸಾರ್, ಸರಿಯಾಯ್ತು. ನೀವು ಹೇಳಿದ್ದು ಒಂಥರಾ ನಿಜ."

ಸಾಹೇಬರ ಮುಖ ಅರಳಿತು. "ಪಿಟೀಲು!"

"ತಡ ಮಾಡ್ತಿದ್ದದ್ದು ಪಿಟೀಲೇ ಸಾರ್. ಆದ್ರೆ ಅದರ ಕೈಗೆ ಬೇಡದ್ದನ್ನ ಕೊಟ್ಟು ಕಳಿಸಿದ್ದು ನಾನು. ನಿನ್ನೆ ನಿಮಗೆ ಸಂಬಂಧವೇ ಇಲ್ಲ ಅಂದಿದ್ದೂ ನಾನೇ."

"ನಾನು ಹೇಳಲಿಲ್ವಾ! ನನಗೆ ಕಂಪ್ಯೂಟರ್ ಗೊತ್ತಿಲ್ಲ ಅಂತ ಎಲ್ಲರೂ ಅಂದ್ಕೊಂಡಿದಾರೆ." ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಆ ಸಂತೋಷದಲ್ಲಿ ಪಿಟೀಲನ್ನು ತೆಗೆಯಿಸುವ ಮಾತು ಅವರಿಗೆ ಮರೆತೇಹೋಯಿತು, ಅವಳೂ ನೆನಪಿಸಲಿಲ್ಲ.

ಕೆಳಗೆ ಬಂದಾಗ ಅತ್ತೆ ಇನ್ನೂ ಬೆಂಚಿನ ಮೇಲೇ ಇದ್ದರು. ಅಷ್ಟರಲ್ಲಿ ಅವರ ಎಷ್ಟೋ ತುಣುಕುಗಳ ಮೇಲೆ ಆ ಧ್ವನಿ ಹಾದುಹೋಗಿತ್ತು. ಜಾರು ಬರುವ ಜಾಗದಲ್ಲೂ ಗೇಟಿನ ನಂಬರು, ಮೆಲ್ಲಗೆ ಇಳಿಯುವ ಜಾಗದಲ್ಲೂ ಗೇಟಿನ ನಂಬರು.

"ಬೇಜಾರಾಯ್ತಾ ಅತ್ತೆ? ನೀವು ಬೇಡ ಅಂದ್ರೆ ತೆಗೀತೀನಿ. ಸಾಹೇಬರಿಗಲ್ಲ, ನಿಮಗೋಸ್ಕರ."

"ಬೇಜಾರೇನೋ ಆಯ್ತು." ಅತ್ತೆ ನೇರವಾಗಿ ಹೇಳಿದರು. "ಆ ಹುಡುಗೀನೂ ನಮ್ಮ ಮನೆಯವರ ಹಾಗೇ ಆದ್ಲು. ಆದ್ರೆ ಈಗ ಕೂತು ನೋಡ್ತಿದ್ದೆ. ಇಲ್ಲಿ ಯಾರೂ ಸಂಗೀತ ಕೇಳೋಕೆ ಬಂದಿಲ್ಲ, ಎಲ್ಲಿಗೋ ಹೋಗೋಕೆ ಬಂದಿದಾರೆ. ಅಂಥವರ ಮುಂದೆ ನಾನು ಅಷ್ಟು ದೊಡ್ಡ ರಾಗ ಹರಡಿದ್ರೆ ತಪ್ಪು ನಂದೇ. ಕೂತು ಕೇಳೋರಿಗೆ ನುಡಿಸೋದು ಬೇರೆ, ಓಡೋರಿಗೆ ನುಡಿಸೋದು ಬೇರೆ. ಆ ಬೀರು ಬಾಗಿಲು ಮತ್ತೆ ತೆಗಿ."

ಆ ಭಾನುವಾರ ಮಾವ ಮತ್ತು ಮಗ ಮತ್ತೆ ಮನೆಯಿಂದ ಹೊರಬಿದ್ದರು. ಅತ್ತೆ ಈ ಸಲ ನುಡಿಸಿದ್ದು ಚುರುಕಾದ, ಕಾಲಿಗೆ ಕಚಗುಳಿಯಿಡುವಂಥ ಪುಟ್ಟ ತುಣುಕುಗಳು. ಎಲ್ಲಿ ಕಡಿದರೂ ಗಾಯವಾಗದವು. ನುಡಿಸುತ್ತ ನುಡಿಸುತ್ತ ಅವರೇ ಒಮ್ಮೆ ನಕ್ಕುಬಿಟ್ಟದ್ದೂ ರೆಕಾರ್ಡಾಯಿತು. ಸೊಸೆ ಅದನ್ನು ಕತ್ತರಿಸಿ ತೆಗೆಯಲಿಲ್ಲ.

ಹೊಸ ಪಿಟೀಲು ಶುರುವಾಗಿ ವಾರ ಕಳೆದಿರಲಿಲ್ಲ, ಗಂಟೆಯಣ್ಣ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಅವನು ಮೇಲೆ ಬಂದದ್ದು ಅದೇ ಮೊದಲು.

"ಸ್ಕ್ರಿಪ್ಟಮ್ಮಾ, ಇದೇನಾದ್ರೂ ಮಾಡಿ. ಪಿಟೀಲು ಶುರುವಾದ್ರೆ ಸಾಕು, ಜನ ಅನೌನ್ಸ್‌ಮೆಂಟ್ ಕೇಳೋ ಮೊದಲೇ ಎದ್ದು ಓಡಿಬರ್ತಾರೆ. ಬಟನ್ ಒತ್ತಿ ತಿರುಗೋದ್ರೊಳಗೆ, ನಾನಿನ್ನೂ ದೋಣಿಗೆ ಹಗ್ಗ ಕಟ್ಟಿರಲ್ಲ, ಹಲಗೆ ಹಾಕಿರಲ್ಲ, ಆಗಲೇ ಗೇಟಿನ ಹತ್ತಿರ ಸಾಲು! ಇವತ್ತು ಒಬ್ಬರು ಎರಡು ದೋಣಿ ಬಿಟ್ಟು ಮೂರನೇ ದೋಣಿಗೆ ಹೋಗ್ಬೇಕಾದವರು, ಅವರೂ ಬಂದು ನಿಂತಿದಾರೆ. ಯಾಕೆ ಅಂದ್ರೆ ಅವರಿಗೇ ಗೊತ್ತಿಲ್ಲ!"

ಅವಳು ಸ್ಕ್ರಿಪ್ಟು ತೆರೆದು, ಮೇಲಿನಿಂದ ಕೆಳಗಿನ ತನಕ ಗಂಭೀರವಾಗಿ ಕಣ್ಣಾಡಿಸಿದಳು.

"ಇದು ನನ್ನ ಕಡೆ ತಪ್ಪಲ್ಲ ಅಣ್ಣ," ಎಂದಳು. "ಅತ್ತೆ ಹತ್ತಿರ ಮಾತಾಡ್ತೀನಿ."